ಇಂದಿಗೂ ಪ್ರಸ್ತುತ

ನಾಟಕ ಆರೂವರೆಗೆ ಅಂತ ಆಮಂತ್ರಣದಲ್ಲಿತ್ತು. ಏಳೂಕಾಲಾದರೂ ಸಭಾ ಕಾರ್ಯಕ್ರಮವೇ ಮುಗಿದಿರಲಿಲ್ಲ. ಉಡುಪಿಯಲ್ಲಿ ನಾಟಕ ನೋಡುವವನಿಗೆ ಇದೇನೂ ಹೊಸತಲ್ಲ. ಆದರೆ ಮೂರನೇ ಭಾಷಣಕಾರರೂ ಮೈಕ್ ಹಿಡಿದು, "ಕಾರ್ನಾಡರ ‘ತುಘಲಕ್’ ಇಂದಿಗೂ ಪ್ರಸ್ತುತ" ಅಂದಾಗ ನನಗೆ ಪಿತ್ತ ನೆತ್ತಿಗೇರಿತು. ಮೊದಲಿನ ಇಬ್ಬರೂ ಅದನ್ನೇ ಹೇಳಿದ್ದರು.

"ತಾಜಾ ಬೂತಾಯಿ" ಅಂತ ಬೋರ್ಡು ಹಾಕಿದ ಕಡೆ ನಾನು ಮೀನು ತಗೊಳ್ಳುವುದಿಲ್ಲ. ತಾಜಾ ಇದ್ದರೆ ಕಣ್ಣಿಗೇ ಕಾಣುತ್ತದೆ, ಅಲ್ವಾ? ಯಕ್ಷಗಾನದಲ್ಲಿ ನೋಡಿ. ದೇವೇಂದ್ರನ ಒಡ್ಡೋಲಗದ ನಡುವೆ ಹಾಸ್ಯಗಾರ ಸುಮ್ನೆ ಹೆದ್ದಾರಿಯ ಹೊಂಡದ ಮಾತು ತೆಗೆಯುತ್ತಾನೆ. ಜನ ನಗುತ್ತಾರೆ. ಪ್ರಸಂಗ ಪ್ರಸ್ತುತವೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ.

ಇರಲಿ. ನಾನು ಹೇಳಹೊರಟದ್ದು ಹಳೇ ನಾಟಕ ಈಗಿನವರಿಗೆ ಯಾಕೆ ಹಿಡಿಸುತ್ತದೆ ಎಂಬುದನ್ನು. ಅದಕ್ಕೆ ಮೊದಲು ಹಣ್ಣಿನ ಬುಟ್ಟಿಯ ಕತೆ.

ಅವತ್ತು ಒಬ್ಬರಿಗೆ ಸನ್ಮಾನವಿತ್ತು. ಶಾಲು, ಹಾರ, ಪೇಟ, ಜೊತೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಪಾಪ, ಅವರು ನಾಟಕಕ್ಕೂ ಉಳಿದರು. (ಪ್ರಸ್ತುತದ ಮೂವರೂ ಪರದೆ ಏಳುವ ಮೊದಲೇ ಹೊರಟಿದ್ದರು.) ಬುಟ್ಟಿ ಅವರ ತೊಡೆ ಮೇಲೆ. ಉಸಿರಾಡಿದರೂ ಪರಪರ. ಸುಲ್ತಾನ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಒಯ್ಯುತ್ತೇನೆ ಎಂದಾಗ ಪರಪರ. ಕೊಲೆ ನಡೆದಾಗಲೂ ಪರಪರ. ನಾನು ಎರಡು ಸಲ ತಿರುಗಿ ದುರುಗುಟ್ಟಿದೆ. ಅವರಿಗೇ ನಾಚಿಕೆಯಾಗಿ ಬುಟ್ಟಿಯನ್ನು ನಡೆಯುವ ದಾರಿಯಲ್ಲಿ ಇಟ್ಟರು. ಯಾರೋ ಕತ್ತಲಲ್ಲಿ ಎಡವಿದರು. ಮುಸುಂಬಿಗಳು ಇಳಿಜಾರಿನಲ್ಲಿ ಒಂದೊಂದಾಗಿ ಹೊರಟವು.

ವೇದಿಕೆ ಮೇಲೆ ಆಗ ನಾಣ್ಯದ ದೃಶ್ಯ. ಸುಲ್ತಾನ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ್ದೇ ತಡ, ಜನ ಮನೆಯಲ್ಲೇ ನಾಣ್ಯ ಮಾಡಿಕೊಂಡಿದ್ದಾರೆ. ಗಾಡಿಗಟ್ಟಲೆ ವಾಪಸು ಬರುತ್ತಿದೆ. ಎಲ್ಲವನ್ನೂ ಗುಲಾಬಿ ತೋಟದಲ್ಲಿ ರಾಶಿ ಹಾಕಿ ಅಂತ ಅಪ್ಪಣೆ. ಸರಿಯಾಗಿ ಆ ಹೊತ್ತಿಗೆ ಒಂದು ಮುಸುಂಬಿ ವೇದಿಕೆಯ ಬುಡಕ್ಕೆ ಬಡಿದು ನಿಂತಿತು. ಸುಲ್ತಾನ ಒಮ್ಮೆ ಕೆಳಗೆ ನೋಡಿದ. ಮಾತು ಮರೆಯಲಿಲ್ಲ, ಮೆಚ್ಚಬೇಕು.

ಪಕ್ಕದ ಅಜ್ಜ ನನ್ನ ಕಿವಿ ಹತ್ತಿರ ಬಂದರು. ಪರಿಚಯವೇನೂ ಇಲ್ಲ. "ನೋಟ್ ಬ್ಯಾನ್ ಆದಾಗ ನೀವೂ ಕ್ಯೂ ನಿಂತಿದ್ರಾ?"

"ಎರಡು ದಿನ" ಎಂದೆ.

"ನಾನು ನಾಲ್ಕು ದಿನ ಮಾರಾಯ್ರೆ. ನಮ್ಮವಳು ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟದ್ದು ಆಗಲೇ ಗೊತ್ತಾದ್ದು. ಹನ್ನೊಂದು ಸಾವಿರ!"

ಅಷ್ಟು ಹೇಳಿ ಮತ್ತೆ ನಾಟಕ ನೋಡತೊಡಗಿದರು. ಕಾರ್ನಾಡರು ಇದನ್ನು ಬರೆದದ್ದು 1964ರಲ್ಲಿ. ಆಗಿನವರಿಗೆ ಇದರಲ್ಲಿ ನೆಹರೂ ಕಾಲ ಕಂಡಿತಂತೆ. ಅಜ್ಜನಿಗೆ 2016ರ ಸಾಸಿವೆ ಡಬ್ಬಿ ಕಂಡಿತು. ನಾನಂತೂ ಕೊನೆವರೆಗೂ ಆ ಮುಸುಂಬಿಯನ್ನೇ ನೋಡುತ್ತಾ ಕೂತಿದ್ದೆ. ದೀಪ ಹತ್ತಿದಾಗ ಅದು ಅಲ್ಲಿರಲಿಲ್ಲ.