ಮನೆಗೆ ನೀರು ಬಿಡುವುದು

"ಅಪ್ಪಾ, ಮನಿ ತಗೊಂಡ್ವಿ. ಬೇಸ್‌ಮೆಂಟೂ ಐತಿ" ಅಂತ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಿಂದ ಫೋನ್ ಮಾಡಿದಾಗ ನನಗೆ ನಗು ಬಂತು. ಬೇಸ್‌ಮೆಂಟ್ ಇಲ್ಲದ ಮನೆ ಎಲ್ಲಾದರೂ ಉಂಟೇ? ನಮ್ಮ ಮೇಸ್ತ್ರಿಗಳ ಬಾಯಲ್ಲಿ ಬೇಸ್‌ಮೆಂಟ್ ಅಂದರೆ ಪಾಯದ ಮೇಲೆ, ನೆಲದಿಂದ ಎರಡು ಮೂರು ಅಡಿ ಎದ್ದು ನಿಂತ ಕಟ್ಟೆ. "ಬೇಸ್‌ಮೆಂಟ್ ಆತ್ರಿ, ಇನ್ನ ಗ್ವಾಡಿ" ಎಂದು ತಲೆ ಕೆರೆಯುತ್ತಾ ಮುಂದಿನ ಕಂತು ಕೇಳುವ ಹಂತ ಅದು. ಹಾಗಾಗಿ "ಗ್ವಾಡಿ ಯಾವಾಗ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಹೋಗಿ ನೋಡಿದ ಮೇಲೆ ಗೊತ್ತಾಯಿತು, ನಮ್ಮ ಬೇಸ್‌ಮೆಂಟ್ ಮೇಲಕ್ಕೆ ಏಳುತ್ತದೆ, ಅವರದು ಕೆಳಕ್ಕೆ ಇಳಿಯುತ್ತದೆ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದರೆ ಮೆಟ್ಟಿಲು. ಇಳಿದರೆ ಮೇಲಿನ ಮನೆಯಷ್ಟೇ ಅಗಲದ ಇನ್ನೊಂದು ಮನೆ. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಮಷಿನ್, ಇನ್ನೊಂದು ಮೂಲೆಯಲ್ಲಿ ಮನೆ ಬಿಸಿ ಮಾಡುವ ಫರ್ನೇಸ್, ನಡುವೆ ಪಿಂಗ್‌ಪಾಂಗ್ ಮೇಜು. ಗೋಡೆಗೆ ಒರಗಿಸಿ ಇಟ್ಟಿದ್ದು ಊರಿಂದ ಹೋದ ಸೂಟ್‌ಕೇಸುಗಳು, ಅಕ್ಕಿ ಚೀಲ, ನಮ್ಮಾಕೆ ಕಟ್ಟಿ ಕಳಿಸಿದ ಖಾರಪುಡಿಯ ಡಬ್ಬಿ. ಸೂರಿಗೆ ಅಂಟಿಕೊಂಡಂತೆ ಒಂದು ಸಣ್ಣ ಕಿಟಕಿ. ಅದರಲ್ಲಿ ಕಾಣುವುದು ಆಕಾಶವಲ್ಲ, ಹುಲ್ಲಿನ ಬುಡ. ಚಳಿಗಾಲದಲ್ಲಿ ಅದೂ ಇಲ್ಲ, ಬರೀ ಹಿಮ.

ಇಷ್ಟೆಲ್ಲ ಅಗೆಯುವ ಹುಚ್ಚು ಯಾಕೆ ಅಂತ ಅಳಿಯನನ್ನು ಕೇಳಿದೆ. ಕಾರಣ ಸರಳವಾಗಿದೆ. ಅಲ್ಲಿ ಚಳಿಗಾಲ ಬಂದರೆ ನೆಲದೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ನೀರು ಮಂಜಾದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಪಾಯದ ಅಡಿಯ ಮಣ್ಣಿನಲ್ಲಿ ಹಾಗಾದರೆ ಮನೆಯನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಚಳಿ ಇಳಿಯದಷ್ಟು ಆಳಕ್ಕೆ ಪಾಯ ಹೋಗಲೇಬೇಕು. ಮಿನಿಯಾಪೊಲಿಸ್ ಸುತ್ತ ಕಟ್ಟಡದ ನಿಯಮ ಹೇಳುವುದು 42 ಇಂಚು. ಅದೇ ರಾಜ್ಯದ ಉತ್ತರಕ್ಕೆ ಹೋದರೆ 60 ಇಂಚು, ಅಂದರೆ 5 ಅಡಿ. ಹೇಗೂ ಸುತ್ತ ಅಷ್ಟು ತೋಡಿದ್ದಾಯಿತು, ಇನ್ನು ಮೂರ್ನಾಲ್ಕು ಅಡಿ ತೋಡಿದರೆ ಒಂದು ಮನೆಯೇ ಸಿಗುತ್ತದಲ್ವಾ! ಚೌಕಾಸಿ ಮಾಡಿ ತರಕಾರಿ ಕೊಂಡ ಮೇಲೆ ಕೊಸರಿಗೆ ಕೊತ್ತಂಬರಿ ಕೇಳಿದ ಹಾಗೆ. ಹಿಂದೆ ಕಲ್ಲಿದ್ದಲು ಸುಟ್ಟು ಮನೆ ಬಿಸಿ ಮಾಡುತ್ತಿದ್ದ ಕಾಲದಲ್ಲಿ ಕಲ್ಲಿದ್ದಲ ರಾಶಿಗೂ ಒಲೆಗೂ ಇದೇ ಜಾಗ. ಹಳೇ ಮನೆಗಳ ಗೋಡೆಯ ಬುಡದಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ ಕಬ್ಬಿಣದ ಪುಟ್ಟ ಬಾಗಿಲು ಈಗಲೂ ಕಾಣುತ್ತದೆ. ಗ್ಯಾಸ್ ಬಂತು, ಮಸಿ ಹೋಯಿತು, ಪಿಂಗ್‌ಪಾಂಗ್ ಮೇಜು ಬಂತು.

ಅಲ್ಲಿ ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 1 ಗಂಟೆಗೆ ಸೈರನ್ ಕೂಗುತ್ತದೆ. ಸುಂಟರಗಾಳಿಯ ಸೈರನ್ ಸರಿಯಿದೆಯೋ ಇಲ್ಲವೋ ಎಂಬ ಪರೀಕ್ಷೆ. ಮೊದಲ ಸಲ ಕೇಳಿದಾಗ ಮನೆಯಲ್ಲಿ ನಾನೊಬ್ಬನೇ. ತಟ್ಟೆ ಹಿಡಿದುಕೊಂಡೇ ಬೇಸ್‌ಮೆಂಟಿಗೆ ಇಳಿದು, ಫರ್ನೇಸ್ ಪಕ್ಕ ಕೂತು ಊಟ ಮುಗಿಸಿದೆ. ಸಂಜೆ ಎಲ್ಲರೂ ನಕ್ಕರು. ನಗಲಿ ಬಿಡಿ.

ಆ ನೆಲಮಾಳಿಗೆಯಲ್ಲಿ ಒಂದು ಕೊಳವೆ ನನ್ನ ಗಮನ ಸೆಳೆಯಿತು. ನೆಲದಿಂದ ಹೊರಟು ಗೋಡೆ ದಾಟಿ ಹೊರಗೆ ಹೋಗಿತ್ತು, ಅದಕ್ಕೊಂದು ಫ್ಯಾನ್. ಮಣ್ಣಿನಿಂದ ಏಳುವ, ಮೈಗೆ ಕೆಡುಕಾದ ರೇಡಾನ್ ಎಂಬ ಅನಿಲ ಕೆಳಗೆ ತುಂಬಿಕೊಳ್ಳದಂತೆ ಎಳೆದು ಹೊರಹಾಕುವ ಏರ್ಪಾಡು. ನನಗೆ ಥಟ್ಟನೆ ನೆನಪಾದದ್ದು ನಮ್ಮೂರ ಹಗೇವು. ಎತ್ತರದ ಗಟ್ಟಿ ನೆಲ ನೋಡಿ ತೋಡಿದ ಕುಣಿ, ಒಳಗೆಲ್ಲ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು. ದೀಪ ಆರಿದರೆ ಇನ್ನೂ ಕಾಯಬೇಕು. ನಮ್ಮಜ್ಜ ಕಂದೀಲನ್ನೇ ದಿಟ್ಟಿಸುತ್ತಾ ಬಗ್ಗಿ ನಿಲ್ಲುತ್ತಿದ್ದ ಭಂಗಿ ಕಣ್ಣಿಗೆ ಕಟ್ಟಿದಂತಿದೆ. ಹಗೇವಿನ ಜೋಳದ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ಮಗಳ ಬೇಸ್‌ಮೆಂಟಿಗೂ ಸ್ವಲ್ಪ ಅದೇ ವಾಸನೆ.

ಎರಡು ವರ್ಷಕ್ಕೆ ಅಳಿಯನಿಗೆ ಡಲ್ಲಾಸ್‌ಗೆ ವರ್ಗವಾಯಿತು. ಪಿಂಗ್‌ಪಾಂಗ್ ಮೇಜು ಮಾರಿ ಹೋದರು, ಯಾಕೆಂದರೆ ಹೊಸ ಮನೆಗೆ ಬೇಸ್‌ಮೆಂಟ್ ಇಲ್ಲ. ಆ ಬೀದಿಯಲ್ಲಿ ಯಾರಿಗೂ ಇಲ್ಲ. ಸೂಟ್‌ಕೇಸುಗಳು ಅಟ್ಟ ಸೇರಿದವು. ಟೆಕ್ಸಾಸ್ ಬಿಸಿಲಿಗೆ ಅಟ್ಟ ಒಲೆಯಾಗಿರುತ್ತದೆ. ಖಾರಪುಡಿ ಮಾತ್ರ ಫ್ರಿಜ್‌ಗೆ ಹೋಯಿತು.

ಅಲ್ಲಿ ಚಳಿ ನೆಲಕ್ಕೆ ಹೆಚ್ಚು ಇಳಿಯುವುದಿಲ್ಲ, ಆದ್ದರಿಂದ ಆಳದ ಪಾಯ ಬೇಕಿಲ್ಲ. ನೆಲದ ಮೇಲೆ ಕಾಂಕ್ರೀಟ್ ಹಾಸಿ ಮನೆ ಎಬ್ಬಿಸುತ್ತಾರೆ. ಕೊಸರು ಸಿಗಬೇಕಾದರೆ ಮೊದಲು ವ್ಯಾಪಾರ ನಡೆಯಬೇಕಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ಅಡ್ಡಿಗಳೂ ಇವೆ. ಟೆಕ್ಸಾಸಿನದೇ ಆಸ್ಟಿನ್ ಊರಿನ ಪಶ್ಚಿಮಕ್ಕೆ ಗುದ್ದಲಿಗೆ ಸಿಗುವುದು ಸುಣ್ಣಕಲ್ಲು. ಫ್ಲಾರಿಡಾದ ಬಹಳ ಕಡೆ ತುಸು ತೋಡಿದರೆ ನೀರು. ಅಂಥ ನೆಲದಲ್ಲಿ ಹೂತ ಖಾಲಿ ಕಾಂಕ್ರೀಟ್ ಪೆಟ್ಟಿಗೆ ದೋಣಿಯ ಹಾಗೆ ತೇಲಲು ನೋಡುತ್ತದೆ. ನ್ಯೂ ಆರ್ಲಿಯನ್ಸ್‌ನ ಹಳೇ ಸ್ಮಶಾನಗಳಲ್ಲಿ ಸತ್ತವರನ್ನೇ ನೆಲದ ಮೇಲೆ ಗೂಡು ಕಟ್ಟಿ ಇಟ್ಟಿದ್ದಾರೆ, ಇನ್ನು ಬದುಕಿದ್ದವರಿಗೆ ನೆಲಮಾಳಿಗೆ ಎಲ್ಲಿಂದ? ನನಗೆ ಸಂಕಟವಾಗುವುದು ಓಕ್ಲಹಾಮ ನೆನೆದರೆ. ಸುಂಟರಗಾಳಿಯ ತವರು ಅದು, ಬೇಸ್‌ಮೆಂಟ್ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದು ಅಲ್ಲಿ. ಆದರೆ ಹಿಗ್ಗಿ ಕುಗ್ಗುವ ಕೆಂಪು ಜೇಡಿ ಇರುವಲ್ಲಿ ತೋಡುವ ಖರ್ಚಿಗೆ ಹೆದರಿ ಹೆಚ್ಚಿನವರು ಕಟ್ಟಿಸಿರಲಿಲ್ಲ. 2013ರ ಮೇ 20ರಂದು ಮೂರ್ ಎಂಬ ಊರಿನ ಮೇಲೆ ಸುಂಟರಗಾಳಿ ಹಾಯ್ದು 24 ಜನ ಸತ್ತರು. ಅಲ್ಲಿ ಬಹುಪಾಲು ಮನೆಗಳಿಗೆ ಇಳಿದು ಅಡಗಲು ನೆಲಮಾಳಿಗೆ ಇರಲಿಲ್ಲ.

ಡಲ್ಲಾಸ್‌ನ ಮಣ್ಣಿನ ಕತೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಹೋಗಿದ್ದು ಆಗಸ್ಟ್‌ನಲ್ಲಿ. ಸಂಜೆ ಮಗಳು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಮನೆಯ ಸುತ್ತ, ಗೋಡೆಯಿಂದ ಒಂದಡಿ ದೂರದಲ್ಲಿ ಹಾಸಿದ್ದ ಕಪ್ಪು ಪೈಪಿನ ಮೈಯೆಲ್ಲ ನೀರು ಜಿನುಗತೊಡಗಿತು. ಅಲ್ಲಿ ಗಿಡ ಇರಲಿಲ್ಲ, ಬಳ್ಳಿ ಇರಲಿಲ್ಲ.

"ಯಾವುದಕ್ಕ ನೀರು ಬಿಡಾಕತ್ತಿ?" ಅಂದೆ.

"ಮನಿಗೆ" ಅಂದಳು.

ಬಗ್ಗಿ ನೋಡಿದೆ. ಇನ್ನೂ ನೀರು ಮುಟ್ಟದ ಕಡೆ ಗೋಡೆಗೂ ಮಣ್ಣಿಗೂ ನಡುವೆ ಬಿರುಕು. ನನ್ನ ನಾಲ್ಕು ಬೆರಳು ಒಳಗೆ ಹೋದವು. ಮಣ್ಣು ಚಿವುಟಿ ಉಗುಳು ಹಚ್ಚಿ ತಿಕ್ಕಿದೆ. ಕಪ್ಪು, ಅಂಟು, ಬೆರಳು ಬಿಡದ ಜಿಗಿ. ಎರೆ! ನವಲಗುಂದದ ಎರೆ ಹೊಲದ ಮಣ್ಣೇ ಇಲ್ಲಿಗೂ ಬಂದು ಕೂತಿದೆಯೇನೋ ಎನ್ನಿಸಿತು. ಒಂದು ಕಾಲಕ್ಕೆ ಡಲ್ಲಾಸ್ ಸುತ್ತ ಬೆಳೆಯುತ್ತಿದ್ದುದೂ ಹತ್ತಿಯೇ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಇದರೊಳಗೆ ನೆಲಮಾಳಿಗೆ ಕಟ್ಟಿದರೆ ನಾಲ್ಕೂ ಗೋಡೆಗಳನ್ನು ಒಳಕ್ಕೆ ನೂಕುತ್ತದೆ. ಬರೀ ಹಾಸು ಹಾಕಿದರೂ ಒಂದು ಕಡೆ ಮಣ್ಣು ಒಣಗಿ ಕುಗ್ಗಿ ಮನೆ ವಾಲುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯಿಡೀ ಈ ಉಪಚಾರ, ಮಣ್ಣು ಒಂದೇ ಹದದಲ್ಲಿರಲಿ ಅಂತ.

ನಮ್ಮ ಕಡೆ ಎರೆ ಸರಿಸಿ, ಗರಸು ಸಿಗುವ ತನಕ ತೋಡಿ ಪಾಯ ಹಾಕಿದವರನ್ನು ನೋಡಿದ್ದೇನೆ. ಹಾಕದವರ ಗೋಡೆಯ ಸೀಳುಗಳನ್ನೂ ನೋಡಿದ್ದೇನೆ. ನಾವು ಯಾರೂ ಮನೆಗೆ ನೀರು ಬಿಟ್ಟಿರಲಿಲ್ಲ, ಹೊಲಕ್ಕೇ ಇರಲಿಲ್ಲ.

ಉಳಿದಷ್ಟು ದಿನ ಆ ಕೆಲಸ ನನ್ನದಾಯಿತು. ಸಂಜೆ ಆರಕ್ಕೆ ನಲ್ಲಿ ತಿರುಗಿಸಿ, ಮೂಲೆ ಮೂಲೆಗೆ ಹೋಗಿ ಹಸಿ ಮುಟ್ಟಿತೇ ಅಂತ ಬೆರಳಿಟ್ಟು ನೋಡಿ ಬರುತ್ತಿದ್ದೆ. ಊರಿಂದ ಫೋನ್ ಮಾಡಿದ ತಮ್ಮ, "ಏನ್ ಮಾಡಾಕತ್ತಿಯೋ ಅಣ್ಣಾ?" ಅಂದ.

"ನೀರು ಹಾಯಿಸಾಕತ್ತೇನಿ."

"ಅಲ್ಲೂ ಹೊಲಾ ತಗೊಂಡಾರೇನು? ಎಷ್ಟು ಎಕರೆ?"