ಅಂಕೋಲೆಯ ಗೋಡೆ ಮೇಲೆ ದಂಡಿಗೇನು ಕೆಲಸ?

ಊರಿನ ಕಾಂಪೌಂಡ್ ಗೋಡೆ ಮೇಲೆ ಊರಿನದೇ ಇತಿಹಾಸ. ಊರವರೇ ದುಡ್ಡು ಹಾಕಿ ಮಕ್ಕಳ ಕೈಯಲ್ಲಿ ಚಿತ್ರ ಬಿಡಿಸಿದ್ದಾರೆ. ನಿನ್ನೆ ಬಸ್ಸಿಳಿದು ನೋಡಿ ಭಾರೀ ಖುಷಿಯಾಯಿತು. ಉಪ್ಪಿನ ಸತ್ಯಾಗ್ರಹದ ಚಿತ್ರ ಬರುವ ತನಕ.

ಅಲ್ಲಿದ್ದದ್ದು ಗುಜರಾತಿನ ದಂಡಿ! ಅದೇ ಕೋಲು, ಅದೇ ಗಾಂಧೀಜಿ, ಹಿಂದೆ ಮುಖವೇ ಇಲ್ಲದ ಒಂದಷ್ಟು ಜನ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುತ್ತಲ್ಲ, ಅದೇ.

ಸ್ವಾಮೀ, ಗಾಂಧೀಜಿ ದಂಡಿಯಲ್ಲಿ ಉಪ್ಪೆತ್ತಿದ್ದು 1930ರ ಏಪ್ರಿಲ್ 6ಕ್ಕೆ. ವಾರ ಕಳೆದು 13ಕ್ಕೆ ಎಂ.ಪಿ. ನಾಡಕರ್ಣಿಯವರನ್ನು ಮುಂದಿಟ್ಟುಕೊಂಡು ನಮ್ಮವರು ಅಂಕೋಲೆಯಲ್ಲೇ ಕಾನೂನು ಮುರಿದರು. ಆಮೇಲೆ ಕರನಿರಾಕರಣೆ. ಗದ್ದೆ ಜಪ್ತಿಯಾಯಿತು, ಜೈಲೂ ಆಯಿತು. ಗುಜರಾತಿನ ಬಾರ್ಡೋಲಿ ಕರನಿರಾಕರಣೆಗೆ ಹೆಸರಾದ ಊರು; ನಮ್ಮೂರನ್ನು ಕರ್ನಾಟಕದ ಬಾರ್ಡೋಲಿ ಅಂತ ಸುಮ್ನೆ ಕರೆದರಾ? ಆ ನಾಡಕರ್ಣಿಯವರು ಗೋಡೆಯ ಮೇಲೆ ಎಲ್ಲಿ?

ನನ್ನ ಸಿಟ್ಟಿಗೆ ಮನೆಯ ಕಾರಣವೂ ಇದೆ. ಅಜ್ಜನ ಗದ್ದೆಯೂ ಆಗ ಹರಾಜಾಗಿತ್ತು. ಆ ಮಾತು ಬಂದರೆ ಸಾಕು, ಅಜ್ಜಿ ಬಾಯಲ್ಲಿದ್ದ ಎಲೆ-ಅಡಿಕೆ ಕವಳ ಉಗಿದು ಬೈಯಲು ಕೂರುತ್ತಿದ್ದಳು. ಆ ಬೈಗುಳ ಇಲ್ಲಿ ಬರೆದರೆ ಫೇಸ್‌ಬುಕ್‌ನವರು ನನ್ನ ಖಾತೆ ಮುಚ್ಚುತ್ತಾರೆ.

"ಗಾಂಧಿ ಇಲ್ಲದೆ ಉಪ್ಪಿನ ಸತ್ಯಾಗ್ರಹ ಉಂಟಾ? ಮಕ್ಕಳು ಮಾಡಿದ್ದು, ಬಿಡು ಮಾರಾಯ" ಎಂದ ಗೆಳೆಯ. ಮಕ್ಕಳ ಕೈ ಚೆನ್ನಾಗೇ ಇದೆ. ನನ್ನ ತಕರಾರು ಮೊಬೈಲ್‌ನಲ್ಲಿ ಹುಡುಕಿ "ಇದನ್ನೇ ಬಿಡಿಸಿ" ಎಂದ ದೊಡ್ಡವರ ಮೇಲೆ. ಗಾಂಧೀಜಿಯೂ ಇರಲಿ, ಬೇಡ ಎಂದವರು ಯಾರು? ನಮ್ಮವರನ್ನು ಹೊರಗೆ ನಿಲ್ಲಿಸಿ ಯಾಕೆ?

ಮುಂದಿನ ಚಿತ್ರದಲ್ಲಿ ತುಳಸಜ್ಜಿ, ಅಂದರೆ ತುಳಸಿ ಗೌಡ, ಗಿಡ ನೆಡುತ್ತಿದ್ದಾರೆ. ಕಾಲಲ್ಲಿ ಚಪ್ಪಲಿ! 2021ರಲ್ಲಿ ರಾಷ್ಟ್ರಪತಿ ಭವನಕ್ಕೇ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಂದ ಹೊನ್ನಳ್ಳಿಯ ಅಜ್ಜಿ. ಇಡೀ ದೇಶ ನೋಡಿದೆ, ಗೋಡೆ ಬರೆಸಿದವರು ಮಾತ್ರ ನೋಡಿಲ್ಲ. ಪಕ್ಕದಲ್ಲಿ ಹಾಲಕ್ಕಿ ಸಮುದಾಯದ ಜನಪದ ಹಾಡುಗಾರ್ತಿ ಸುಕ್ರಜ್ಜಿ. ಕೊರಳಿಗೆ ಎರಡೇ ಎಳೆ ಮಣಿಸರ, ಮೇಲೊಂದು ಉದ್ದ ತೋಳಿನ ರವಿಕೆ. ಕೊರಳ ತುಂಬ ಮಣಿಸರ ಹಾಕಿ, ರವಿಕೆಯಿಲ್ಲದೆ ಸೀರೆ ಉಡುವ ಹಾಲಕ್ಕಿ ಅಜ್ಜಿಯರು ಇವತ್ತಿಗೂ ಪೇಟೆಯಲ್ಲಿ ಕುಳಿತು ತರಕಾರಿ ಮಾರುತ್ತಾರೆ. ಬಸಳೆ ಕೊಳ್ಳುವಾಗ ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು, ಅಲ್ವಾ?

ದುಡ್ಡು ಕೊಟ್ಟವರ ಹೆಸರುಗಳಲ್ಲಿ ಮಾತ್ರ ಒಂದು ಕೊಂಬೂ ತಪ್ಪಿಲ್ಲ. ಇನಿಷಿಯಲ್ ಸಮೇತ ಸರಿಯಾಗಿವೆ.

ಗೋಡೆಯ ಕೊನೆಗೆ ಇನ್ನೂ ಸ್ವಲ್ಪ ಜಾಗ ಖಾಲಿ ಇದೆ. ಅಲ್ಲಿ ನವಿಲು ಬಿಡಿಸುತ್ತಾರಂತೆ. ದಮ್ಮಯ್ಯ, ನವಿಲು ಬೇಡ. ನಾಡಕರ್ಣಿಯವರನ್ನು ಬಿಡಿಸಿ, ಬಣ್ಣದ ಖರ್ಚು ನನ್ನದು. ನನ್ನ ಹೆಸರು ಗೋಡೆ ಮೇಲೆ ಹಾಕಬೇಡಿ.