ಬ್ರೇಕು ನನ್ನ ಭುಜಕ್ಕೆ, ಸದ್ದು ಪಕ್ಕದವನ ಕಿವಿಗೆ

ಅಮೆರಿಕದಲ್ಲಿ ಶಿಕಾರಿ ರೈಫಲ್ ಇಟ್ಟುಕೊಂಡವರ ಗ್ಯಾರೇಜಿನಲ್ಲಿ ಕಾರಿಗಿಂತ ಹೆಚ್ಚು ಜಾಗ ಹಿಡಿದಿರುವುದು ವರ್ಕ್‌ಬೆಂಚು. ಸ್ಕೋಪ್ ಕೂರಿಸುವುದು, ಟ್ರಿಗರ್ ಬದಲಾಯಿಸುವುದು, ಹಿಡಿಯ ಹಿಂದೆ ರಬ್ಬರ್ ಪ್ಯಾಡ್ ಹಾಕುವುದು ಎಲ್ಲವೂ ಅಲ್ಲೇ. ಈಗ ಆ ಸಾಲಿಗೆ ಮಜಲ್ ಬ್ರೇಕ್ ಕೂಡ ಸೇರಿದೆ. ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ, ಪಕ್ಕಗಳಲ್ಲಿ ತೂತುಗಳಿರುವ, ಭುಜಕ್ಕೆ ಬೀಳುವ ಒದೆತ ತಗ್ಗಿಸುವ ಗಿಡ್ಡ ಉಕ್ಕಿನ ಕೊಳವೆ ಅದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್ ಆದರೆ ನ್ಯೂಯಾರ್ಕಿನಂಥ ರಾಜ್ಯಗಳು ತಕರಾರು ತೆಗೆಯುತ್ತವೆ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಮಾಮೂಲಿ ಬೋಲ್ಟ್ ಆಕ್ಷನ್ ಬೇಟೆ ರೈಫಲಿಗೆ ಫೆಡರಲ್ ಕಾನೂನು ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ನಮ್ಮ ಕಡೆ ಇದನ್ನು ಊಹಿಸುವುದೇ ಕಷ್ಟ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಬಂದೂಕು ತಯಾರಿಸುವುದು, ಮಾರುವುದರ ಜೊತೆಗೆ ರಿಪೇರಿಯನ್ನೂ ಮಾರ್ಪಾಡನ್ನೂ ಪರವಾನಗಿಯ ಕೆಳಗೆ ತಂದಿದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ಕೂತು ನಳಿಗೆ ಕೊರೆಯುವುದಕ್ಕಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲೂ ಸ್ಪ್ರಿಂಗ್ ಮುರಿದರೆ ಲೈಸೆನ್ಸ್ ಇರುವ ರಿಪೇರಿಯವನ ಹತ್ತಿರವೇ ಹೋಗಬೇಕು.

ಇದರಿಂದ ಆಗುವ ನಷ್ಟ ಚಿಕ್ಕದಲ್ಲ. ಕೋವಿಯ ಒಳಗಿನ ವ್ಯವಹಾರ ಒಡೆಯನಿಗೇ ಗೊತ್ತಿರುವುದಿಲ್ಲ. ಇಲ್ಲಿ ಅಮೆರಿಕದಲ್ಲಿ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಸಿಗುವ ನಿವೃತ್ತ ಬಡಗಿಯೊಬ್ಬರು ಬೋಲ್ಟ್ ಬಿಚ್ಚಿ, ಉಪಯೋಗಿಸಿದ ತೋಟಾದ ಹಿತ್ತಾಳೆ ಕವಚದ ಮೇಲಿನ ಒಂದು ಹೊಳಪಿನ ಗೆರೆ ನೋಡಿ, ತೋಟಾ ಕೂರುವ ಚೇಂಬರಿನ ಗುಣ ಹೇಳುತ್ತಾರೆ. ಅಂಥ ತಿಳಿವಳಿಕೆ ಕೈ ಹಾಕಿದವರಿಗಷ್ಟೇ ಬರುವುದು. ಹಾಗಾಗಿ ಗ್ಯಾರೇಜಿನ ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ, ಬ್ರೇಕಿನ ವಿಷಯ ಬರುವವರೆಗೆ.

ಬ್ರೇಕು ಕೆಲಸ ಮಾಡುತ್ತದೋ ಇಲ್ಲವೋ ಎನ್ನುವ ಪ್ರಶ್ನೆಯೇ ಇಲ್ಲ. .300 ವಿಂಚೆಸ್ಟರ್ ಮ್ಯಾಗ್ನಮ್ ತೋಟಾದಲ್ಲಿ ಹತ್ತಿರತ್ತಿರ 12 ಗ್ರಾಂ ತೂಕದ ಗುಂಡಿದ್ದರೆ ಅದರ ಹಿಂದೆ ನಾಲ್ಕೂವರೆ ಗ್ರಾಂ ಮದ್ದು ಇರುತ್ತದೆ. ಅಷ್ಟೂ ಮದ್ದು ಅನಿಲವಾಗಿ ಗುಂಡಿಗಿಂತ ಜೋರಾಗಿ ಹೊರಗೆ ನುಗ್ಗುತ್ತದೆ. ಭುಜಕ್ಕೆ ಬೀಳುವ ಒದೆತದಲ್ಲಿ ಮೂರನೇ ಒಂದು ಪಾಲಿನಷ್ಟು ಈ ಅನಿಲದ್ದೇ. ಬ್ರೇಕಿನ ಒಳಗೋಡೆಗಳಿಗೆ ಅದು ಬಡಿದು ಪಕ್ಕಕ್ಕೆ ತಿರುಗುವಾಗ ರೈಫಲನ್ನು ಮುಂದಕ್ಕೆ ಎಳೆಯುತ್ತದೆ. ಒದೆತ ಅರ್ಧದಷ್ಟು ಇಳಿಯುವುದೂ ಉಂಟು. ಮದ್ದು ಹೆಚ್ಚಿದ್ದಷ್ಟೂ ಲಾಭ ಹೆಚ್ಚು. .223ರಂಥ ಪುಟ್ಟ ತೋಟಾಕ್ಕೆ ಬ್ರೇಕ್ ಹಾಕಿಕೊಂಡು ಭುಜ ಉಳಿಯಿತು ಅನ್ನುವವರನ್ನು ಕಂಡರೆ ನಗು ಬರುತ್ತದೆ.

ಮನೆಯಲ್ಲಿ ಮಾಡುವ ಕೆಲಸದಲ್ಲಿ ಎರಡು ಬಗೆ. ಕಾರ್ಖಾನೆಯಿಂದಲೇ ಬಾಯಿಗೆ ಥ್ರೆಡ್ ಹಾಕಿಸಿಕೊಂಡು ಬಂದ ನಳಿಗೆಯಾದರೆ, ಅಂದರೆ .30 ಕ್ಯಾಲಿಬರಿನಲ್ಲಿ ಸಾಮಾನ್ಯವಾಗಿ 5/8 ಇಂಚಿನ ವ್ಯಾಸ, ಇಂಚಿಗೆ 24 ಎಳೆ, ಆಗ ಅದು ತಾಳ್ಮೆಯ ಕೆಲಸ ಅಷ್ಟೇ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದಿಟ್ಟು, ಎಳೆಗಳನ್ನೂ ಅವುಗಳ ಹಿಂದಿನ ಅಂಚನ್ನೂ ಒರೆಸಿ ಬ್ರೇಕ್ ತಿರುಗಿಸಿದರೆ ಅದು ಹೋಗಿ ಆ ಅಂಚಿಗೆ ಕೂರಬೇಕು. ತೂತುಗಳು ಎಡಬಲಕ್ಕೆ ಸಮನಾಗಿ ನಿಲ್ಲಲು ತೆಳು ಶಿಮ್ ಬಿಲ್ಲೆ ಹಾಕುತ್ತಾರೆ, ಇಲ್ಲವೇ ಹಿಂದಿನಿಂದ ನಟ್ ಬಿಗಿಯುವ ಜಾತಿಯ ಬ್ರೇಕ್ ಕೊಳ್ಳುತ್ತಾರೆ. ಹಿಸುಕಿಕೊಂಡು ಬಿಗಿಯಾಗುವ ಕ್ರಷ್ ವಾಷರ್ ಅಗ್ಗ, ಆದರೆ ಎಲ್ಲ ಕಡೆ ಒಂದೇ ಸಮ ಹಿಸುಕಿಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಗುರಿಯ ರೈಫಲಿಗೆ ನಾನದನ್ನು ಹಾಕುವುದಿಲ್ಲ.

ಥ್ರೆಡ್ ಇಲ್ಲದ ಹಳೇ ನಳಿಗೆಗೆ ಕೈಯಿಂದ ಡೈ ಹಿಡಿದು ಎಳೆ ಕೊರೆಯುವುದು ಎರಡನೆಯ ಬಗೆ. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. .308 ಗುಂಡಿನ ವ್ಯಾಸ 7.8 ಮಿಲಿಮೀಟರ್. ಬ್ರೇಕಿನ ತೂತು 8.4 ಇದ್ದರೆ ಸುತ್ತ ಉಳಿಯುವ ಜಾಗ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. 65 ಮಿಲಿಮೀಟರ್ ಉದ್ದದ ಬ್ರೇಕು ಅರ್ಧ ಡಿಗ್ರಿ ವಾಲಿದರೂ ತುದಿಯಲ್ಲಿ ಅರ್ಧ ಮಿಲಿಮೀಟರಿಗೂ ಮಿಕ್ಕಿ ಪಕ್ಕಕ್ಕೆ ಸರಿದಿರುತ್ತದೆ. ಗುಂಡು ಗೋಡೆಗೆ ಬಡಿಯಲು ಅಷ್ಟು ಸಾಕು. ಬಡಿದರೆ ಬ್ರೇಕ್ ಸೀಳಬಹುದು, ಗುಂಡು ಎತ್ತಲೋ ಹೋಗಬಹುದು. ಅರ್ಧ ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ. ಸಾಲದ್ದಕ್ಕೆ ನಳಿಗೆಯ ಹೊರಮೈಯ ನಡುವೇ ಒಳಗಂಡಿಯ ನಡು ಎಂದುಕೊಳ್ಳುವಂತಿಲ್ಲ. ಎಷ್ಟೋ ನಳಿಗೆಗಳಲ್ಲಿ ಗಂಡಿ ಒಂದು ಕೂದಲೆಳೆ ಆಚೀಚೆ ಇರುತ್ತದೆ. ಡೈ ಹೊರಮೈಯನ್ನು ನಂಬುತ್ತದೆ. ಲೇತಿನವನು ಗಂಡಿಯೊಳಗೆ ಕಡ್ಡಿ ಇಟ್ಟು, ಡಯಲ್ ಗೇಜಿನ ಮುಳ್ಳು ಅಲುಗಾಡದಂತೆ ಗಂಡಿಯನ್ನೇ ನಡುವಿಗೆ ತಂದು ಆಮೇಲೆ ಕೊರೆಯುತ್ತಾನೆ. ನಳಿಗೆಯ ಬಾಯಿಯ ಗೋಡೆ ಎಳೆ ತೆಗೆದ ಮೇಲೂ ಸಾಕಷ್ಟು ದಪ್ಪ ಉಳಿಯುತ್ತದೆಯೇ ಎಂದು ಮೊದಲೇ ಅಳೆದು, ಆಗದಿದ್ದರೆ ಆಗದು ಎನ್ನುತ್ತಾನೆ.

ಈ ಮಾತಿಗೆ ರೇಂಜಿನ ಗೆಳೆಯರಿಂದ ಬರುವ ಉತ್ತರ ಒಂದೇ: ‘ನನ್ನ ರೈಫಲ್, ನನ್ನ ಕೈ, ಏನಾದರೂ ಆದರೆ ನನಗೇ ತಾನೇ?’ ಅಲ್ಲವಲ್ಲ ಸ್ವಾಮಿ. ಪಕ್ಕದ ಬೆಂಚಿನಲ್ಲೂ ಒಬ್ಬ ಕೂತಿರುತ್ತಾನೆ. ಬ್ರೇಕು ಚೆನ್ನಾಗಿ ಕೂತಿದ್ದರೂ ಅವನಿಗೆ ಕಷ್ಟ ತಪ್ಪಿದ್ದಲ್ಲ. ಬೇಟೆ ರೈಫಲಿನ ಸದ್ದು ಮೊದಲೇ 160 ಡೆಸಿಬಲ್ ಆಸುಪಾಸು; ಇಂಥ ಹಠಾತ್ ಸದ್ದಿನಲ್ಲಿ ಕಿವಿಗೆ ಅಪಾಯದ ಗೆರೆ 140. ಬ್ರೇಕು ಒಟ್ಟು ಸದ್ದನ್ನು ಹೆಚ್ಚಿಸುವುದಕ್ಕಿಂತ ಅದನ್ನು ಹಿಂದಕ್ಕೂ ಪಕ್ಕಕ್ಕೂ ತಿರುಗಿಸುತ್ತದೆ. ಮುಂದಕ್ಕೆ ಹೋಗಬೇಕಾದ ಹೊಡೆತ ಹೊಡೆಯುವವನ ಮುಖಕ್ಕೂ ಪಕ್ಕದವನ ಕೆನ್ನೆಗೂ ಬರುತ್ತದೆ. ಅಂಗಿ ತೋಳು ಅದುರುವುದು ಗೊತ್ತಾಗುತ್ತದೆ, ಬೆಂಚಿನ ಮೇಲಿನ ಖಾಲಿ ತೋಟಾ ಡಬ್ಬಿ ಮಗುಚುತ್ತದೆ. ಇಯರ್ ಪ್ಲಗ್ಗಿನ ಮೇಲೆ ಮಫ್ ಹಾಕಿಕೊಂಡರೂ ಎದೆಯಲ್ಲಿ ಗುದ್ದಿದಂತಾಗುತ್ತದೆ.

ಅಮೆರಿಕದ ಪದ್ಧತಿ ನನಗೆ ವಿಚಿತ್ರವಾಗಿ ಕಾಣುವುದು ಇಲ್ಲಿ. ಪಕ್ಕದವನ ಕಿವಿ ಕೆಡಿಸುವ ವಸ್ತುವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಸದ್ದು ಅಡಗಿಸಿ ಕಿವಿ ಉಳಿಸುವ ಸಪ್ರೆಸರಿಗೆ ಮಾತ್ರ 1934ರ ಕಾಯ್ದೆಯಿಂದ ಇಂದಿನವರೆಗೂ ಫೆಡರಲ್ ನೋಂದಣಿ, ಬೆರಳಚ್ಚು. ಇನ್ನೂರು ಡಾಲರಿನ ತೆರಿಗೆ 2026ರ ಜನವರಿಯಿಂದ ಸೊನ್ನೆಯಾಯಿತು, ಕಾಗದಪತ್ರ ಹೋಗಲಿಲ್ಲ. ಸಪ್ರೆಸರ್ ಸದ್ದನ್ನು 25–30 ಡೆಸಿಬಲ್ ಇಳಿಸುತ್ತದೆ, ಜೊತೆಗೆ ಒದೆತವನ್ನೂ ತಗ್ಗಿಸುತ್ತದೆ. ಫಿನ್ಲೆಂಡ್, ನಾರ್ವೆಗಳ ಬೇಟೆಗಾರರಿಗೆ ಅದು ದಿನಬಳಕೆಯ ಸಾಮಾನು. ನಮ್ಮ ದೇಶದಲ್ಲಂತೂ ಸಾಮಾನ್ಯ ಜನರಿಗೆ ಅದು ಸಿಗುವುದೇ ಇಲ್ಲ. ಭಾರತದಲ್ಲಿ ಸರ್ಕಾರವನ್ನು ಕೇಳದೆ ಏನೂ ಮಾಡುವಂತಿಲ್ಲ, ಅಮೆರಿಕದಲ್ಲಿ ಬ್ರೇಕ್ ಹಾಕಲು ಯಾರನ್ನೂ ಕೇಳಬೇಕಿಲ್ಲ. ಸದ್ದು ತಿನ್ನುವವನನ್ನು ಕೇಳಬೇಕು ಎಂಬುದು ಎರಡೂ ಕಡೆಯ ಕಾಯ್ದೆಗಳಿಗೆ ಹೊಳೆದಿಲ್ಲ.

ಕಾಯ್ದೆಗೆ ಹೊಳೆಯದ್ದು ಕಾಡಿನಲ್ಲಿ ದುಡಿಯುವವರಿಗೆ ಹೊಳೆದಿದೆ. ಅಲಾಸ್ಕದಲ್ಲೂ ಆಫ್ರಿಕಾದಲ್ಲೂ ಬೇಟೆಗೆ ಜೊತೆ ಬರುವ ಎಷ್ಟೋ ಗೈಡುಗಳು ಬ್ರೇಕ್ ಇರುವ ರೈಫಲ್ ಬೇಡ ಎಂದುಬಿಡುತ್ತಾರೆ. ಕಾಡಿನಲ್ಲಿ ಅವರು ಹೊಡೆಯುವವನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ಪ್ರಾಣಿಯ ಸಪ್ಪಳಕ್ಕೆ ಕಿವಿ ತೆರೆದಿಟ್ಟಿರುತ್ತಾರೆ, ಮಫ್ ಹಾಕಿರುವುದಿಲ್ಲ.

ಒದೆತ ತಡೆಯಲಾಗದು ಎಂದು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹಿಡಿಯ ಉದ್ದ ಮೈಗೆ ಹೊಂದುತ್ತದೆಯೇ ನೋಡಿ, ಒಳ್ಳೆಯ ಪ್ಯಾಡ್ ಹಾಕಿಸಿ ಎನ್ನುತ್ತೇನೆ. ಜಿಂಕೆ ಬೇಟೆಗೆ ಮ್ಯಾಗ್ನಮ್ ಯಾಕೆ ಬೇಕು ಎಂದೂ ಕೇಳುತ್ತೇನೆ; .308 ಅಥವಾ 6.5 ಕ್ರೀಡ್‌ಮೂರ್ ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಇಷ್ಟಾದ ಮೇಲೂ ಬ್ರೇಕೇ ಬೇಕಾದರೆ ಲೇತಿನವನ ಹತ್ತಿರ ಥ್ರೆಡ್ ಹಾಕಿಸಿ. ಮನೆಗೆ ತಂದು ಕೂರಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಿಯನ್ನು ಗಂಡಿಯಲ್ಲಿ ತೂರಿಸಿ, ಅದು ಬ್ರೇಕಿನ ತೂತಿನ ನಡುವೇ ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಗುಂಡು ಬೀಳುವ ಜಾಗ ಮೊದಲಿಗಿಂತ ಬದಲಾಗಿರುತ್ತದೆ, ಹಾಗಾಗಿ ಸ್ಕೋಪನ್ನು ಮತ್ತೆ ಶೂನ್ಯಕ್ಕೆ ತರಬೇಕು. ಆ ಕೆಲಸಕ್ಕೆ ರೇಂಜಿಗೆ ಹೋದಾಗ ತುದಿಯ ಬೆಂಚು ಕೇಳಿ ಪಡೆಯಿರಿ. ಎಷ್ಟೋ ರೇಂಜುಗಳಲ್ಲಿ ಬ್ರೇಕ್ ಇದ್ದವರನ್ನು ಅವರೇ ಅಲ್ಲಿಗೆ ಕಳಿಸುತ್ತಾರೆ.